ಸತ್ತ ರೂಟರಿನ ವೇಷ ಹಾಕಿದ ರಾಸ್ಪ್‌ಬೆರಿ ಪೈ

ಕೊನೆಗೂ ಟ್ಯಾಂಕು ಮಾತಾಡಿತು. ಸೆನ್ಸರಿನಿಂದ ನೀರಿಗೆ 62 ಸೆಂಟಿಮೀಟರ್. ಆ ಒಂದು ಅಂಕಿ ಪರದೆ ಮೇಲೆ ಬಂದಾಗ ಮಾಳಿಗೆ ಮೇಲೆ ನಾನು ಕೂಗಿದ್ದು ಬಾಗಲಕೋಟೆ ನವನಗರದ ಅರ್ಧ ಸೆಕ್ಟರಿಗೆ ಕೇಳಿಸಿರಬೇಕು. ಅವ್ವ ಕೆಳಗಿನಿಂದಲೇ "ಏನಾತೋ, ಶಾಕ್ ಹೊಡೀತೇನು?" ಅಂದಳು.

ಹಿಂದಿನ ಕಥೆ ಬೇಗ ಮುಗಿಸುತ್ತೇನೆ. ಮುಂಗಾರಿನ ಮೊದಲ ಗುಡುಗಿಗೆ ಹಳೆ ರೂಟರ್ ಸತ್ತಿತು. ಫೈಬರ್ ಹುಡುಗ ಹೊಸ ಡಬ್ಬಿ ತಂದು ಹಾಕಿದ. ಹೊಸ ಹೆಸರು, ಹೊಸ ಪಾಸ್‌ವರ್ಡ್. ಅವ್ವ, ಅಪ್ಪನ ಫೋನಿನಲ್ಲಿ ಹಳೆಯ ನೆಟ್‌ವರ್ಕ್ ಅಳಿಸಿಯೂ ಹೋದ. "ಹಳೇದು ಇದ್ರ ಸುಮ್ನ ತ್ರಾಸ್ ಕೊಡತೈತ್ರಿ" ಅಂದನಂತೆ. ಮನೆಯವರಿಗೆಲ್ಲ ಖುಷಿ. ಆದರೆ ಮಾಳಿಗೆ ಮೇಲಿನ ಟ್ಯಾಂಕ್ ನೋಡ್ (ನೀರಿನ ಮಟ್ಟ ಅಳೆದು ವೈಫೈಯಲ್ಲಿ ಕಳಿಸುವ ಸಾಧನ), ಸಂಪಿನ ನೋಡ್, ಗೇಟಿನ ದೀಪ, ಈ ಮೂರೂ ಇಎಸ್‌ಪಿ8266ಗಳು, ಅಂದರೆ ವೈಫೈ ಚಿಪ್ಪಿನ ಪುಟ್ಟ ಬೋರ್ಡುಗಳು, ಹಳೆಯ ಹೆಸರನ್ನೇ ಹುಡುಕುತ್ತಾ ಕೂತಿವೆ. ಸಂಪಿನದನ್ನೂ ಗೇಟಿನದನ್ನೂ ಬಿಚ್ಚಿ ಕೋಡು ಮತ್ತೆ ಬರೆಯಬಹುದು. ಟ್ಯಾಂಕಿನದು ಆಗಲ್ಲ. ಕಳೆದ ಮಳೆಗಾಲದಲ್ಲಿ ನೀರು ಇಳಿದು ಒಂದು ಬೋರ್ಡು ಹೋದ ಮೇಲೆ ಇದನ್ನು ಪೂರ್ತಿ ಗಟ್ಟಿಯಾಗುವ ಎಪಾಕ್ಸಿ ಅಂಟಿನಲ್ಲಿ ಮುಳುಗಿಸಿದ್ದೇನೆ. ಯುಎಸ್‌ಬಿ ಪೋರ್ಟು ಈಗ ಗಾಜಿನೊಳಗಿನ ನೊಣ. ಗಾಳಿಯಲ್ಲಿ, ಅಂದರೆ ತಂತಿಯಿಲ್ಲದೆ ಹೊಸ ಕೋಡು ಕಳಿಸುವ ಒಟಿಎ ಮೂಲಕ ಮಾತ್ರ ಮುಟ್ಟಬಹುದು, ಒಟಿಎಗೆ ವೈಫೈ ಬೇಕು, ವೈಫೈಗೆ ಹಳೆ ಪಾಸ್‌ವರ್ಡ್ ಬೇಕು.

ಪರಿಹಾರ ಸುಲಭ ಅಲ್ವಾ? ಹೊಸ ಡಬ್ಬಿಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಕೊಟ್ಟರೆ ಎಲ್ಲ ತಾನಾಗಿ ಎದ್ದು ಕೂರುತ್ತವೆ. ತೊಂದರೆ ಒಂದೇ. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ.

ದಯವಿಟ್ಟು ಸುಲಭದ ದಾರಿ ಹೇಳಬೇಡಿ, ಎಲ್ಲ ನೋಡಿ ಆಗಿದೆ. ಆಂಡ್ರಾಯ್ಡ್ 10ರ ಮೇಲಿನ ಫೋನುಗಳಲ್ಲಿ ಕ್ಯೂಆರ್ ತೋರಿಸಿ ಪಾಸ್‌ವರ್ಡ್ ಹಂಚಬಹುದು, ಗೊತ್ತು. ಅಳಿಸಿದ ನೆಟ್‌ವರ್ಕಿಗೆ ಕ್ಯೂಆರ್ ಎಲ್ಲಿಂದ ಬರಬೇಕು? ನನ್ನ ಫೋನು ಸರ್ವೀಸಿಗೆ ಹೋಗಿ ಖಾಲಿಯಾಗಿ ಬಂದಿದೆ. ವಿಂಡೋಸಿನಲ್ಲಿ ಕಮಾಂಡ್ ಹೊಡೆದರೆ ಉಳಿಸಿದ ಕೀ ತೋರಿಸುತ್ತದೆ, ನಿಜ, ಆದರೆ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಏಪ್ರಿಲ್ ಬಿಸಿಲಿಗೇ ಕೈ ಎತ್ತಿತ್ತು. ನೋಡುಗಳ ಕೋಡು, ಕೋಡಿನ ಪ್ರತಿಗಳನ್ನು ಕೂಡಿಡುವ ಗಿಟ್‌ನಲ್ಲಿ ಪೂರ್ತಿ ಇದೆ. ಪಾಸ್‌ವರ್ಡ್ ಇರುವ ಫೈಲೊಂದು ಮಾತ್ರ ಇಲ್ಲ, ಯಾಕೆಂದರೆ ಅದನ್ನು ಗಿಟ್‌ಗೆ ಹಾಕಬಾರದು ಅಂತ ಬಲ್ಲವರೆಲ್ಲ ಹೇಳುತ್ತಾರೆ. ಬಲ್ಲವರ ಮಾತು ಕೇಳಿದ್ದಕ್ಕೆ ಸಿಕ್ಕ ಫಲ ಇದು.

ಪಾಸ್‌ವರ್ಡ್ ಇಟ್ಟವನು ತಮ್ಮ. ಈಗ ಬೆಳಗಾವಿಯಲ್ಲಿ ಕೆಲಸ. ಫೋನ್ ಮಾಡಿದರೆ "ಅಣ್ಣಾ, ಅವ್ವನ ಹೆಸರು, ಮುಂದ ಯಾವುದೋ ಇಸವಿ, ನಡುವ ಏನೋ ಒಂದು ಚಿಹ್ನೆ ಇರಬೇಕು ನೋಡು" ಅಂದ. ಆ "ಇರಬೇಕು" ಮೇಲೆ ನಂಬಿಕೆ ಇಟ್ಟು ನಾನು ಒಂದು ಇಡೀ ಭಾನುವಾರ ಕಳೆದೆ.

ಹೇಗೆ ಅಂದರೆ, ಡ್ರಾಯರಿನಲ್ಲಿ ಹಳೆಯ ರಾಸ್ಪ್‌ಬೆರಿ ಪೈ 3ಬಿ ಎಂಬ ಪುಟ್ಟ ಕಂಪ್ಯೂಟರ್ ಇತ್ತು. ಒಂದು ಕಾಲದಲ್ಲಿ ಮನೆಯ ಎಂಕ್ಯೂಟಿಟಿ ಬ್ರೋಕರ್, ಅಂದರೆ ನೋಡುಗಳ ಸಂದೇಶ ಪಡೆದು ಹಂಚುವ ಅಂಚೆ ಕಚೇರಿ, ಅದೇ. ಅದರ ಮೆಮೊರಿ ಕಾರ್ಡಿನಲ್ಲಿ ಹಳೆಯ ವೈಫೈ ಸೆಟ್ಟಿಂಗ್ ಫೈಲ್ ಸಿಕ್ಕಿತು. ತೆರೆದರೆ ಹೆಸರು ಸ್ಪಷ್ಟವಾಗಿದೆ, ಪಾಸ್‌ವರ್ಡ್ ಜಾಗದಲ್ಲಿ 0 ಇಂದ 9 ಮತ್ತು ಎ ಇಂದ ಎಫ್ ಸೇರಿದ 64 ಅಕ್ಷರಗಳ ಒಂದು ಗೊಂಡೆ. ಪೈ ಇಮೇಜರ್ ಎಂಬ ಪ್ರೋಗ್ರಾಂ ಮೂಲಕ ಕಾರ್ಡ್ ಬರೆದವರಿಗೆ ಇದು ಗೊತ್ತಿರುತ್ತದೆ. ಅದು ನೀವು ಕೊಟ್ಟ ಪಾಸ್‌ವರ್ಡನ್ನು ಹಾಗೇ ಬರೆಯಲ್ಲ, ಅರೆದು ಬರೆಯುತ್ತದೆ.

ಅರೆಯುವ ವಿಧಾನ ಡಬ್ಲ್ಯುಪಿಎ2 ಎಂಬ ವೈಫೈ ಭದ್ರತೆಯ ಪದ್ಧತಿಯಲ್ಲಿ ಎಲ್ಲರಿಗೂ ಒಂದೇ. ಪಾಸ್‌ವರ್ಡ್ ತಗೋ, ನೆಟ್‌ವರ್ಕಿನ ಹೆಸರನ್ನು ಸಾಲ್ಟ್ ಅಂತ ಸೇರಿಸು, ಪಿಬಿಕೆಡಿಎಫ್2 ಎಂಬ ಲೆಕ್ಕದಲ್ಲಿ ಶಾ-1 ಎಂಬ ಅರೆಯುವ ಸೂತ್ರ ಹಾಕಿ 4096 ಸುತ್ತು ತಿರುಗಿಸು. ಬೇಕಾದದ್ದು 256 ಬಿಟ್. ಶಾ-1 ಒಂದು ಸಲಕ್ಕೆ ಕೊಡುವುದು 160. ಹಾಗಾಗಿ ಅಷ್ಟೂ ಸುತ್ತನ್ನು ಎರಡು ಸಲ ಮಾಡಬೇಕು, ಒಂದು ಊಹೆಗೆ 8192. ಗಾಣಕ್ಕೆ ಕೊಟ್ಟ ಕಬ್ಬು ಇದು. ಬೆಲ್ಲ ನೋಡಿ ಕಬ್ಬು ಬೆಳೆಸಲು ಆಗಲ್ಲ. ಆಗುವುದು ಒಂದೇ, ಬೇರೆ ಬೇರೆ ಊಹೆಗಳನ್ನು ಅದೇ ಲೆಕ್ಕಕ್ಕೆ ಕೊಟ್ಟು ಅದೇ 64 ಅಕ್ಷರ ಬರುತ್ತದಾ ಅಂತ ನೋಡುವುದು. ಪೈಥಾನಿನಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇದೆ, ನಾಲ್ಕು ಸಾಲಿನ ಕೆಲಸ. ಅವ್ವನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಬಹುದಾದ ಎಲ್ಲ ರೀತಿ, ನಮ್ಮ ಮನೆಯವರು ಹುಟ್ಟಿದ ಎಲ್ಲ ಇಸವಿ, ಕೀಬೋರ್ಡಿನ ಎಲ್ಲ ಚಿಹ್ನೆ ಸೇರಿಸಿ ಓಡಿಸಿದೆ. ಏನೂ ಹೊಂದಲಿಲ್ಲ. ತಮ್ಮನಿಗೆ ಮತ್ತೆ ಫೋನ್ ಮಾಡಿದರೆ, "ಹಂಗಾರ ಅಪ್ಪನ ಹೆಸರಿರಬೇಕು" ಅಂದ. ಫೋನ್ ಇಟ್ಟೆ.

ಊಟ ಮಾಡುವಾಗ ತಲೆಗೆ ಹೊಳೆದದ್ದು: ನನಗೆ ಪಾಸ್‌ವರ್ಡ್ ಯಾಕೆ ಬೇಕು?

ನೋಡ್ ಕೂಡ ರೂಟರಿಗೆ ಪಾಸ್‌ವರ್ಡ್ ಕಳಿಸುವುದಿಲ್ಲ. ತಾನೂ ಅರೆದು ಅದೇ 64 ಅಕ್ಷರದ ಕೀ ಮಾಡಿಕೊಳ್ಳುತ್ತದೆ, ರೂಟರೂ ಮಾಡಿಕೊಳ್ಳುತ್ತದೆ, ಎರಡೂ ಒಂದೇನಾ ಅಂತ ನಾಲ್ಕು ಹೆಜ್ಜೆಯ ಹ್ಯಾಂಡ್‌ಶೇಕಿನಲ್ಲಿ ತಾಳೆ ನೋಡುತ್ತವೆ. ಅಂದಮೇಲೆ ಹೆಸರು ಅದೇ ಇದ್ದು, ಕೀ ನನ್ನ ಕೈಯಲ್ಲೇ ಇದ್ದರೆ, ಪಾಸ್‌ವರ್ಡ್ ಗೊತ್ತಿಲ್ಲದೆಯೂ ರೂಟರ್ ಆಗಬಹುದು. ಹೆಸರು ಮಾತ್ರ ಅಕ್ಷರಶಃ ಅದೇ ಇರಬೇಕು, ದೊಡ್ಡಕ್ಷರ ಸಣ್ಣಕ್ಷರ ಸಹಿತ. ಡಬ್ಲ್ಯುಪಿಎ3 ಆಗಿದ್ದರೆ ಈ ಆಟ ನಡೆಯಲ್ಲ, ಅಲ್ಲಿ ಪಾಸ್‌ವರ್ಡೇ ಬೇಕು. ನನ್ನ ನೋಡುಗಳು ಹಳೆ ಕಾಲದವು, ಬದುಕಿದೆ.

ಕಂಪನಿಯ ಹೊಸ ಡಬ್ಬಿಯಲ್ಲಿ ಹಾಕಲು ಹೋದೆ. 63 ಅಕ್ಷರಕ್ಕಿಂತ ಜಾಸ್ತಿ ತಗೊಳ್ಳಲ್ಲ. ಸಾದಾ ಪಾಸ್‌ವರ್ಡಿಗೆ 63 ಮಿತಿ ಸರಿ, 64 ಬಂದರೆ ಅದು ತಯಾರಾದ ಕೀ ಅಂತ ತಿಳಿಯಬೇಕು. ತುಂಬಾ ರೂಟರುಗಳಿಗೆ ಅಷ್ಟು ಬುದ್ಧಿ ಇದೆ. ಇದಕ್ಕಿಲ್ಲ. ಬ್ರೌಸರಿನಲ್ಲಿ ಆ ಮಿತಿ ಕಿತ್ತು ಹಾಕಿ ಕಳಿಸಿದರೂ ಒಳಗಿನಿಂದ ತಿರಸ್ಕಾರ. ಸರಿ, ಪೈಯನ್ನೇ ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಬಿಡುವ ಡಬ್ಬಿ, ಮಾಡೋಣ. ಅದಕ್ಕೆ ಬಳಸುವ ಹೋಸ್ಟ್‌ಎಪಿಡಿ ಎಂಬ ಪ್ರೋಗ್ರಾಮಿನಲ್ಲಿ ಪಾಸ್‌ವರ್ಡಿನ ಸಾಲಿನ ಬದಲು ನೇರ ಕೀ ಕೊಡುವ ಬೇರೆ ಸಾಲೇ ಇದೆ. ಉಳಿದ ಸೆಟಪ್ ಮಾಮೂಲಿ.

ಕೆಳಗಿನ ಕೋಣೆಯಿಂದ ಪೈ ಸಿಗ್ನಲ್ಲು ಎರಡು ಸ್ಲ್ಯಾಬ್ ದಾಟಲ್ಲ. ಪವರ್ ಬ್ಯಾಂಕ್ ಹಿಡಿದು ಮಾಳಿಗೆ ಹತ್ತಿದೆ. ಇಲ್ಲಿ ಕೇಬಲ್ ಮಾರುವವನಿಗೆ ಒಂದು ಮಾತು. "ಹೆವಿ ಡ್ಯೂಟಿ" ಅಂತ ಬರೆದ ಆ ದಪ್ಪ ಕೇಬಲ್ಲಿನಲ್ಲಿ ದಪ್ಪ ಇರುವುದು ಪ್ಲಾಸ್ಟಿಕ್ಕು ಮಾತ್ರ. ಒಳಗಿನ ತಂತಿ ತಲೆಗೂದಲು. ಪೈ 3ಬಿ 4.63 ವೋಲ್ಟಿಗಿಂತ ಕೆಳಗೆ ಹೋದರೆ ಅಂಡರ್‌ವೋಲ್ಟೇಜ್ ಅಂತ ಅಳುತ್ತದೆ. ಇದು ಇಡೀ ಹೊತ್ತು ಅತ್ತಿತು, ಮಧ್ಯೆ ಒಮ್ಮೆ ಸತ್ತೇ ಹೋಯಿತು. ಬಿಡಿಭಾಗಕ್ಕೆ ಬಾಗಲಕೋಟೆಯಲ್ಲಿ ಅಲೆಯುವವರಿಗೆ ಗೊತ್ತು, ಒಂದು ಒಳ್ಳೆ ಮೈಕ್ರೋ ಯುಎಸ್‌ಬಿ ಕೇಬಲ್ಲಿಗೆ ಹುಬ್ಬಳ್ಳಿ ಬಸ್ಸು ಹತ್ತಬೇಕು. ಕೊನೆಗೆ ಅಪ್ಪನ ಹಳೆ ಫೋನಿನ ಚಾರ್ಜರ್ ಕೇಬಲ್ ಕೆಲಸ ಮಾಡಿತು.

ಈಗ ಫೋನಿನಲ್ಲಿ ಹಳೆಯ ಹೆಸರು ಕಾಣುತ್ತಿದೆ. 64 ಅಕ್ಷರ ಅಂಟಿಸಿದರೆ ಫೋನು ಸೇರಿಕೊಂಡಿತು. ಅಂದರೆ ಪೈ ಸರಿ ಇದೆ. ಟ್ಯಾಂಕ್ ನೋಡ್ ಹದಿನೈದು ನಿಮಿಷಕ್ಕೊಮ್ಮೆ ಏಳುತ್ತದೆ. ಕಾದೆ. ಏನೂ ಇಲ್ಲ. ಮತ್ತೆ ಕಾದೆ. ಏನೂ ಇಲ್ಲ.

ಕೀ ತಪ್ಪಿದ್ದರೆ ಹೋಸ್ಟ್‌ಎಪಿಡಿ ಲಾಗಿನಲ್ಲಿ, ಅಂದರೆ ಅದರ ದಿನಚರಿ ಫೈಲಿನಲ್ಲಿ, ಕೀ ಹೊಂದಿಲ್ಲ ಅನ್ನುವ ದೂರು ಬರಬೇಕು. ಅದೂ ಇಲ್ಲ. ನೋಡ್ ಬಾಗಿಲು ಬಡಿಯುತ್ತಲೇ ಇಲ್ಲ! ಬ್ಯಾಟರಿ ಸತ್ತಿದೆಯಾ? ಇಲ್ಲ, ಎದ್ದಾಗ ಮಿನುಗುವ ಪುಟ್ಟ ಎಲ್‌ಇಡಿ ಎಪಾಕ್ಸಿ ಒಳಗಿನಿಂದ ಮಿನುಗುತ್ತಿದೆ. ಎದ್ದು, ಸುತ್ತ ನೋಡಿ, ಮತ್ತೆ ಮಲಗುತ್ತಿದೆ.

ಗಿಟ್‌ನಲ್ಲಿ ಕೋಡು ತೆಗೆದು ಓದಿದಾಗ ಗೊತ್ತಾಯಿತು. ಈ ನೋಡ್ ಒಂದು 18650 ಲಿಥಿಯಂ ಸೆಲ್ ಮತ್ತು ಅಂಗೈಯಗಲ ಸೋಲಾರ್ ಪ್ಯಾನಲ್ ಮೇಲೆ ಬದುಕುವುದು. ರೇಡಿಯೋ ಆನ್ ಇದ್ದ ಪ್ರತಿ ಸೆಕೆಂಡೂ ದುಡ್ಡು. ಅದಕ್ಕೇ ಎಲ್ಲ ಚಾನಲ್ ಹುಡುಕದೆ, ಇದೇ ಚಾನಲ್, ಇದೇ ಬಿಎಸ್‌ಎಸ್‌ಐಡಿ, ಅಂದರೆ ಇದೇ ರೂಟರಿನ ರೇಡಿಯೋ ವಿಳಾಸ ಅಂತ ಗಟ್ಟಿ ಮಾಡಿಟ್ಟಿದ್ದೆ. ಸೆಲ್ ಮೇಲೆ ಓಡಿಸುವವರೆಲ್ಲ ಮಾಡುವ ಉಪಾಯವೇ. ಅದರ ಮುಂದೆ ಹೆಸರು, ಕೀ ಎಲ್ಲ ಸರಿ ಇರುವ ಪೈ ನಿಂತರೂ ನೋಡ್ ಮುಖ ಎತ್ತಲ್ಲ, ಅದಕ್ಕೆ ಸತ್ತವನೇ ಬೇಕು.

ಆದರೆ ಆ ವಿಳಾಸವೂ ಚಾನಲ್ಲೂ ಇರುವುದು ಎಲ್ಲಿ? ಗಿಟ್‌ಗೆ ಹಾಕದ ಅದೇ ಫೈಲಿನಲ್ಲಿ. ಭಪ್ಪರೆ!

ಸತ್ತ ರೂಟರಿನ ಬೆನ್ನ ಮೇಲಿನ ಚೀಟಿಯಲ್ಲಿ ಒಂದು ಮ್ಯಾಕ್ ವಿಳಾಸ, ಅಂದರೆ ಸಾಧನದ ಗುರುತಿನ ನಂಬರು, ಇತ್ತು. ಪೈಗೆ ಅದನ್ನು ತೊಡಿಸಿದೆ. ವೈಫೈ ಇಂಟರ್ಫೇಸ್ ಕೆಳಗಿಳಿಸಿ, ವಿಳಾಸ ಬದಲಿಸಿ, ಮತ್ತೆ ಎತ್ತಿದರೆ ಆಯಿತು. ನೋಡ್ ಒಪ್ಪಲಿಲ್ಲ. ಚೀಟಿಯಲ್ಲಿ ಇರುವುದು ಎಷ್ಟೋ ಸಲ ಕೇಬಲ್ ಪೋರ್ಟಿನ ವಿಳಾಸ, ರೇಡಿಯೋದ್ದು ಅದಕ್ಕಿಂತ ಒಂದೆರಡು ಅಂಕಿ ಆಚೀಚೆ ಇರುತ್ತದೆ. ಒಂದೊಂದೇ ಹಾಕಿ ನೋಡಬಹುದಿತ್ತು, ಆದರೆ ಒಂದೊಂದಕ್ಕೂ ಹದಿನೈದು ನಿಮಿಷ, ಅದರ ಮೇಲೆ ಚಾನಲ್ಲುಗಳ ಗುಣಾಕಾರ. ದೀಪಾವಳಿ ಬರುತ್ತದೆ.

ಉತ್ತರ ಪೈ ಹೊಟ್ಟೆಯಲ್ಲೇ ಇತ್ತು. ಅದೂ ಒಂದು ಕಾಲದಲ್ಲಿ ಅದೇ ರೂಟರಿಗೆ ಸೇರಿದ್ದಲ್ವಾ? ಪ್ರತಿ ಸಲ ಸೇರುವಾಗಲೂ ಯಾವ ವಿಳಾಸಕ್ಕೆ, ಯಾವ ಹೆಸರಿಗೆ, ಯಾವ ಫ್ರೀಕ್ವೆನ್ಸಿಯಲ್ಲಿ ಅಂತ ಲಾಗಿನಲ್ಲಿ ಒಂದು ಸಾಲು ಬರೆಯುತ್ತದೆ. ಹಳೆಯ, ಒತ್ತಿ ಮಡಚಿಟ್ಟ ಲಾಗ್ ಫೈಲುಗಳಲ್ಲಿ ಹುಡುಕಿದೆ. ಸಿಕ್ಕಿತು! ವಿಳಾಸದ ಕೊನೆಯ ಅಂಕಿ ಚೀಟಿಯಲ್ಲಿದ್ದದ್ದಕ್ಕಿಂತ ಎರಡು ಮುಂದೆ. ಫ್ರೀಕ್ವೆನ್ಸಿ 2437 ಮೆಗಾಹರ್ಟ್ಸ್, ಅಂದರೆ ಚಾನಲ್ 6. ನಾನು ಪೈಯನ್ನು 1ರಲ್ಲಿ ಕೂರಿಸಿದ್ದೆ.

ಎರಡೂ ಬದಲಿಸಿದೆ. ಬ್ರೋಕರಿನ ಹಳೆಯ ಐಪಿ ವಿಳಾಸವನ್ನೂ ಪೈಗೇ ವಾಪಸ್ ಕೊಟ್ಟೆ, ನೋಡ್ ಅದನ್ನೂ ಬಾಯಿಪಾಠ ಮಾಡಿಕೊಂಡಿದೆ. ಮುಂದಿನ ಮಿನುಗಿಗೆ ಲಾಗಿನಲ್ಲಿ ಸೇರಿತು ಅನ್ನುವ ಸಾಲು, ಅದರ ಹಿಂದೆಯೇ 62. ಕೂಗಿದ್ದು ಆಗ.

ಉಳಿದದ್ದು ಸರಸರ. ನೋಡ್ ಎದ್ದಾಗ ಬ್ರೋಕರಿನಲ್ಲಿ ಒಂದು ಉಳಿಸಿಟ್ಟ ಸಂದೇಶ ಕಂಡರೆ ಮಲಗದೆ ಹೊಸ ಫರ್ಮ್‌ವೇರನ್ನು, ಅಂದರೆ ಬೋರ್ಡಿನ ಕೋಡನ್ನು, ತಾನೇ ಎಳೆದುಕೊಳ್ಳುವ ವ್ಯವಸ್ಥೆ ಮೊದಲೇ ಇತ್ತು. ಸೆಲ್ ಸ್ವಲ್ಪ ಸೊರಗಿತ್ತು, ಬರೆಯುವಾಗ ಅರ್ಧಕ್ಕೆ ನಿಂತರೆ ಎಪಾಕ್ಸಿ ಗೋರಿಯೇ ಗತಿ ಅಂತ ಮರುದಿನ ಬಿಸಿಲೇರುವವರೆಗೆ ಕಾದು ಕಳಿಸಿದೆ. ಹೊಸ ಕೋಡಿನಲ್ಲಿ ಹೊಸ ಡಬ್ಬಿಯ ಹೆಸರಿದೆ. ಗಟ್ಟಿ ಮಾಡಿಟ್ಟ ವಿಳಾಸ ಸತತವಾಗಿ ಸಿಗದಿದ್ದರೆ ದಿನಕ್ಕೊಮ್ಮೆ ಪೂರ್ತಿ ಹುಡುಕು ಅನ್ನುವ ಸಾಲೂ ಇದೆ.

ಜೊತೆಗೆ ಒಂದು ಚೇಷ್ಟೆ ಸೇರಿಸಿದ್ದೆ. ಇಎಸ್‌ಪಿ8266ರ ಹಳೆಯ ಆರ್ಡ್ವಿನೊ ಕೋರುಗಳು, ಅಂದರೆ ನಮ್ಮ ಕೋಡಿಗೆ ಬುನಾದಿಯಾದ ಸಾಫ್ಟ್‌ವೇರ್, ಸೇರಿದ ವೈಫೈಯ ಪಾಸ್‌ವರ್ಡನ್ನು ಫ್ಲ್ಯಾಶ್ ಮೆಮೊರಿಯ ತುದಿಯಲ್ಲಿ ತಾವಾಗಿಯೇ ಬರೆದಿಡುತ್ತಿದ್ದವು. ಆವೃತ್ತಿ 3.0ರಿಂದ ಅದು ನಿಂತಿದೆ. ಒಟಿಎ ಆ ಜಾಗವನ್ನು ಮುಟ್ಟಲ್ಲ. ಹೊಸ ಕೋಡಿನ ಮೊದಲ ಕೆಲಸವೇ ಅದನ್ನು ಓದಿಟ್ಟುಕೊಂಡು ಬ್ರೋಕರಿಗೆ ಕಳಿಸುವುದು. ಬಂತು. ಅವ್ವನ ಹೆಸರೂ ಅಲ್ಲ, ಅಪ್ಪನ ಹೆಸರೂ ಅಲ್ಲ, ಚಿಹ್ನೆಯೂ ಇಲ್ಲ. ಕೆಎ 29 ಅಂತ ಶುರುವಾಗುವ, ನಾವು ಯಾವಾಗಲೋ ಮಾರಿದ ಸ್ಕೂಟರಿನ ನಂಬರು. ಪೈಥಾನಿಗೆ ಕೊಟ್ಟು ಅರೆದು ನೋಡಿದೆ, 64ಕ್ಕೆ 64 ತಾಳೆ. ತಮ್ಮನಿಗೆ ಕಳಿಸಿದರೆ "ನಾ ಹೇಳಿದ್ನಲ್ಲಾ, ಏನೋ ನಂಬರ್ ಇರಬೇಕು ಅಂತ" ಅಂತ ಉತ್ತರ.

ಮುಂದಿನದು ರಬಕವಿಯ ಕಾಕಾನ ಮಗ್ಗ. ಪವರ್‌ಲೂಮ್ ಎಷ್ಟು ಹೊಕ್ಕು (ಅಡ್ಡ ಎಳೆ) ಹೊಡೆಯಿತು ಅಂತ ಎಣಿಸುವ ಕೌಂಟರ್ ಬೇಕಂತೆ. ಕ್ರ್ಯಾಂಕ್ ಶಾಫ್ಟ್ ಒಂದು ಸುತ್ತಿಗೆ ಒಂದು ಹೊಕ್ಕು, ಅದಕ್ಕೊಂದು ಅಯಸ್ಕಾಂತ, ಎದುರಿಗೆ ಆ ಅಯಸ್ಕಾಂತವನ್ನು ಗುರುತಿಸುವ ಒಂದು ಹಾಲ್ ಸೆನ್ಸರ್. ಕೇಳಲು ಸುಲಭ, ಆದರೆ ಅಲ್ಲಿನ ಅದುರು, ಹತ್ತಿಯ ಧೂಳು, ಮೋಟಾರಿನ ಗಲಾಟೆ ನೋಡಿ ಬಂದಿದ್ದೇನೆ. ಎ3144 ಸೆನ್ಸರ್ ತರಿಸಬೇಡಿ. ಮೂಲ ಕಂಪನಿ ಅದನ್ನು ನಿಲ್ಲಿಸಿದೆ, ಈಗ ಆ ಹೆಸರಲ್ಲಿ ಸಿಗುವುದು ಯಾರು ಮಾಡಿದ್ದೋ. ನನಗೆ ಬಂದ ಪೊಟ್ಟಣದಲ್ಲಿ ಕೆಲವು ಅಯಸ್ಕಾಂತದ ಒಂದು ಮುಖಕ್ಕೆ, ಕೆಲವು ಇನ್ನೊಂದು ಮುಖಕ್ಕೆ ಎಚ್ಚರವಾಗುತ್ತವೆ. ಅಂಗಡಿಯವನು "ಉಲ್ಟಾ ಹಿಡೀರಿ ಸರ್" ಅಂದ. ಮಗ್ಗದ ಶೆಡ್ಡಿನಲ್ಲಿ ರೂಟರ್ ಇಲ್ಲ, ಹಾಕಿಸುವುದೂ ಇಲ್ಲ. ಇಎಸ್‌ಪಿ-ನೌ ಬಳಸುತ್ತೇನೆ. ಬೋರ್ಡಿನಿಂದ ಬೋರ್ಡಿಗೆ ನೇರ ಮಾತು, ಒಂದು ಸಲಕ್ಕೆ 250 ಬೈಟ್, ಎಣಿಕೆಗೆ ಅದೇ ಹೆಚ್ಚು. ಶೆಡ್ಡಿನಲ್ಲಿ ಇದನ್ನು ಓಡಿಸಿದವರು ಯಾರಾದರೂ ಇದ್ದರೆ, ಆಂಟೆನಾ ಎಲ್ಲಿ ಕಟ್ಟಿದಿರಿ ಹೇಳಿ. ತಗಡಿನ ಮಾಡು, ಕಬ್ಬಿಣದ ಮಗ್ಗ, ನಡುವೆ ನಾನು.