ಒಣಹವೆಯಲ್ಲಿ ಶಟಲ್, ಆಮೇಲೆ ಮೃದಂಗ
ಬೇಸಿಗೆ ಸಂಜೆ ಶಟಲ್ ಆಡೋರೇ, ಗರಿ ಕಾಕ್ ಎರಡೇ ಗೇಮಿಗೆ ಮುರೀತಿದ್ರೆ ತಪ್ಪು ನಿಮ್ಮ ಸ್ಮ್ಯಾಶಿನದ್ದೇ ಇರಬೇಕಿಲ್ಲ, ಒಣಹವೆಯದ್ದೂ ಇರುತ್ತೆ. 16 ಗರಿಗಳೂ ತೇವ ಕಳ್ಕೊಂಡು ಪಟಪಟ ಮುರಿಯೋ ಕಡ್ಡಿಯಾಗಿರುತ್ತವೆ. ಹಿಂದಿನ ರಾತ್ರಿ ಡಬ್ಬದ ಮುಚ್ಚಳ ತೆಗೆದು, ಗರಿ ಇರೋ ಕಡೆಯಿಂದ ಐದಾರು ಸೆಕೆಂಡು ಹಬೆ ಹಿಡಿದು ಮುಚ್ಚಿಡಿ. ಬಿರಡೆ ಕಡೆಯಿಂದ ಬೇಡ, ಅಂಟು ಸಡಿಲ ಆಗುತ್ತೆ. ನೈಲಾನ್ ಕಾಕ್ ಆದ್ರೆ ಹಸಿರು ಪಟ್ಟಿಯದ್ದೇ, ಅಂದ್ರೆ ನಿಧಾನ ವೇಗದ್ದೇ ತಗೊಳ್ಳಿ. ಬಿಸಿಗಾಳಿ ತೆಳು, ಮಧ್ಯಮ ವೇಗದ ನೀಲಿ ಪಟ್ಟಿಯದ್ದು ಗೆರೆ ದಾಟಿ ಬೀಳುತ್ತೆ.

ಬೆಂಗಳೂರಲ್ಲಿದ್ರೆ ರಾಮನವಮಿ ದಿನಗಳಲ್ಲಿ ಆಟ ಮುಗಿಸಿ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೋಗಿ. ಶ್ರೀರಾಮಸೇವಾ ಮಂಡಳಿ 1939ರಲ್ಲಿ ಶುರು ಮಾಡಿದ ಸಂಗೀತೋತ್ಸವ ಅಲ್ಲಿ ನಡೆಯುತ್ತೆ. ಮೃದಂಗದ ಎಡಭಾಗ ಕಾಣೋ ಹಾಗೆ ಕೂತ್ಕೊಳ್ಳಿ. ಅಲ್ಲಿ ಮೆತ್ತಿರೋ ರವೆ ಹಿಟ್ಟು ಫ್ಯಾನ್ ಗಾಳಿಗೆ ಒಣಗಿದ್ರೆ ಗುಂಕಾರ ತೆಳುವಾಗುತ್ತೆ. ಗರಿಗೂ ಚರ್ಮಕ್ಕೂ ಈ ತಿಂಗಳಲ್ಲಿ ಬೇಕಾಗಿರೋದು ಒಂದೇ, ಹದವಾದ ತೇವ. ವಿದ್ವಾಂಸರು ಎರಡು ಕೃತಿಗಳ ನಡುವೆ ಬೆರಳಲ್ಲಿ ನೀರು ಸವರೋದನ್ನ ನೋಡಿ, ಮುಂದಿನ ಪೆಟ್ಟು ಕೇಳಿ, ವ್ಯತ್ಯಾಸ ಗೊತ್ತಾಗುತ್ತೆ. ತನಿ, ಅಂದ್ರೆ ಮೃದಂಗದವರು ಒಬ್ಬರೇ ನುಡಿಸೋ ಭಾಗ, ಶುರುವಾದಾಗ ದಯವಿಟ್ಟು ಎದ್ದು ಹೋಗಬೇಡಿ. ನೀರು, ಪಾನಕ ಎಲ್ಲ ಮೊದಲೇ ಕುಡಿದು ಬನ್ನಿ.