ಕೆರೆ ಮೀನಿನ ರಿಪೋರ್ಟ್: ಕತ್ತರಿಸಿದ್ದು ಯಾವ ಭಾಗ, ತೂಗಿದ್ದು ಹಸಿಯೋ ಒಣಗಿಸಿಯೋ?

ಕೆರೆ ನೀರಿನ ರಿಪೋರ್ಟ್‌ನಲ್ಲಿ ಸೀಸದ ಎದುರು ‘ಪತ್ತೆಯಾಗಿಲ್ಲ’ ಎಂದು ಬಂದ ಮಾತ್ರಕ್ಕೆ ಅಲ್ಲಿನ ಮೀನು ತಿನ್ನಬಹುದು ಅಂತಲ್ಲ. ಲೋಹ ನೀರಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ, ಮಣ್ಣಿನ ಕಣಕ್ಕೆ ಅಂಟಿ ಹೂಳು ಸೇರುತ್ತದೆ. ಬೆಂಗಳೂರಿನ ಕೊಳಚೆ, ಕಾರ್ಖಾನೆಗಳ ತ್ಯಾಜ್ಯ ಹೊತ್ತ ವೃಷಭಾವತಿ ಹೋಗಿ ತುಂಬುವುದು ಬಿಡದಿ ಹತ್ತಿರದ ಬೈರಮಂಗಲ ಕೆರೆಯನ್ನು. ಅಂಥ ಕೆರೆಗೆ ಬರುವ ನೀರು ನಾಳೆಯೇ ತಿಳಿಯಾದರೂ ತಳದಲ್ಲಿ ಕೂತ ಸೀಸ, ಕ್ಯಾಡ್ಮಿಯಂ ಕೊಳೆತು ಹೋಗುವಂಥವಲ್ಲ. ತಳ ಕೆದಕುವ ಮೃಗಾಲ್, ಸಾಮಾನ್ಯ ಗೆಂಡೆ ಆ ಹೂಳನ್ನೇ ನುಂಗುತ್ತವೆ. ಹಾಗಾಗಿ ಮೀನನ್ನೇ ಪರೀಕ್ಷಿಸಬೇಕು.

ಯಾವ ಭಾಗ ಎಂಬುದು ಮೊದಲ ಪ್ರಶ್ನೆ. ಸೀಸ ಕ್ಯಾಲ್ಸಿಯಂ ಹಿಂದೆ ಹೋಗುವ ಲೋಹ: ಮುಳ್ಳು, ಕಿವಿರು, ಮೈಮೇಲಿನ ಹುರುಪೆಯಲ್ಲಿ ಸೇರುತ್ತದೆ. ಕ್ಯಾಡ್ಮಿಯಂ ಲಿವರ್, ಕಿಡ್ನಿಯಲ್ಲಿ. ಪಾದರಸ ಮೀಥೈಲ್ ರೂಪದಲ್ಲಿ ಮಾಂಸದ ಪ್ರೋಟೀನಿಗೇ ಅಂಟಿರುತ್ತದೆ. ಪಿಸಿಬಿ ಎಂಬ ಕಾರ್ಖಾನೆ ರಾಸಾಯನಿಕ, ಡಿಡಿಟಿ ಕೀಟನಾಶಕ ಕೊಬ್ಬಿನಲ್ಲಿ, ಅಂದರೆ ಚರ್ಮದಡಿ ಮತ್ತು ಹೊಟ್ಟೆಯ ಪಟ್ಟಿಯಲ್ಲಿ. ಒಂದೇ ಮೀನು ಮೂರು ಕಡೆ ಕತ್ತರಿಸಿದರೆ ಮೂರು ಉತ್ತರ ಕೊಡುತ್ತದೆ.

ಕತ್ತರಿಸುವಾಗಲೇ ಹೆಚ್ಚು ಕೆಡುವುದು. ಲೋಳೆ ತೊಳೆದು, ಹುರುಪೆ ತೆಗೆದು, ಬೆನ್ನುಮೂಳೆಯ ಪಕ್ಕದಿಂದ ಮಾಂಸ ಬಿಡಿಸಬೇಕು. ಕತ್ತಿಯ ತುದಿ ಕರುಳಿಗೆ ತಗುಲಿತೋ, ಕರುಳೊಳಗಿನ ಹೂಳು ಮಾಂಸಕ್ಕೆ ಬಳಿದುಕೊಳ್ಳುತ್ತದೆ. ಲೆಕ್ಕ ನೋಡಿ: ಹೂಳಲ್ಲಿ ಕೆ.ಜಿ.ಗೆ 60 ಮಿ.ಗ್ರಾಂ ಸೀಸ ಇದೆ ಎಂದುಕೊಳ್ಳಿ. 100 ಗ್ರಾಂ ಮಾಂಸಕ್ಕೆ ಅದರ ಒಂದೇ ಗ್ರಾಂ ಬೆರೆತರೂ ಕೆ.ಜಿ.ಗೆ ಸುಮಾರು 0.6 ಮಿ.ಗ್ರಾಂ ಬರುತ್ತದೆ. ಮೀನಿನಲ್ಲಿ ಸೀಸಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮಿತಿ ಕೆ.ಜಿ.ಗೆ 0.3 ಮಿ.ಗ್ರಾಂ. ಮಾಂಸ ಶುದ್ಧವಾಗಿದ್ದರೂ ರಿಪೋರ್ಟ್ ‘ಫೇಲ್’. ಲೋಹದ ಪರೀಕ್ಷೆಗೆ ಸೆರಾಮಿಕ್ ಕತ್ತಿ, ಪಾಲಿಥೀನ್ ಚೀಲ. ಪಿಸಿಬಿ ಪರೀಕ್ಷೆಗೆ ಹೆಕ್ಸೇನ್ ದ್ರಾವಕದಲ್ಲಿ ತೊಳೆದ ಅಲ್ಯೂಮಿನಿಯಂ ಫಾಯಿಲ್. ಎರಡಕ್ಕೂ ಒಂದೇ ಪೊಟ್ಟಣ ಸಾಲದು.

ಇನ್ನು ತೂಕ. ಪತ್ರಿಕೆಗಳಲ್ಲಿ ‘ಮಿತಿಯ ಮೂರು ಪಟ್ಟು’ ಎಂದು ಬರುವ ಸುದ್ದಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಸಂಶೋಧನಾ ಪ್ರಬಂಧಗಳು ಬಹಳಷ್ಟು ಸಲ ಒಣ ತೂಕಕ್ಕೆ ಲೆಕ್ಕ ಹಾಕುತ್ತವೆ, ಕಾನೂನಿನ ಮಿತಿ ಇರುವುದು ಹಸಿ ತೂಕಕ್ಕೆ. ಮೀನಿನ ಮಾಂಸದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ತೇವಾಂಶ 78% ಇದ್ದರೆ ಒಣ ತೂಕದಲ್ಲಿ ಕೆ.ಜಿ.ಗೆ 1.0 ಮಿ.ಗ್ರಾಂ ಸೀಸ ಹಸಿ ತೂಕಕ್ಕೆ 0.22, ಮಿತಿಯೊಳಗೆ. ತೇವಾಂಶ ಬರೆಯದ ರಿಪೋರ್ಟ್‌ನಿಂದ ಯಾರನ್ನೂ ಹೆದರಿಸಬಾರದು, ಯಾರಿಗೂ ಧೈರ್ಯವನ್ನೂ ಹೇಳಬಾರದು. ಫ್ರೀಜರಿನಿಂದ ತೆಗೆದ ಮೀನು ಕರಗುವಾಗ ಇಳಿಯುವ ನೀರನ್ನೂ ಚೆಲ್ಲದೆ ಮಾಂಸದ ಜೊತೆಗೇ ರುಬ್ಬಿ.

ಪಾದರಸಕ್ಕೆ ಇನ್ನೊಂದು ಎಚ್ಚರ. ಮಾಂಸ ಕರಗಿಸಲು ತೆರೆದ ಬೀಕರಿನಲ್ಲಿ ಆಸಿಡ್ ಹಾಕಿ ಹಾಟ್‌ಪ್ಲೇಟಿನ ಮೇಲೆ ಕಾಯಿಸಿದರೆ ಅದು ಹಾರಿಹೋಗುತ್ತದೆ, ಅಂಕಿ ಸುಳ್ಳು ಸಮಾಧಾನ ಕೊಡುತ್ತದೆ. ಮುಚ್ಚಿದ ಮೈಕ್ರೋವೇವ್ ಪಾತ್ರೆಯೇ ಬೇಕು: 0.5 ಗ್ರಾಂ ಮಾಂಸಕ್ಕೆ 5ರಿಂದ 7 ಮಿ.ಲೀ. ನೈಟ್ರಿಕ್ ಆಸಿಡ್. ಪ್ರತಿ ಬ್ಯಾಚಿನಲ್ಲೂ ಮೀನು ಹಾಕದೆ ಆಸಿಡ್ ಮಾತ್ರ ಇರುವ ಒಂದು ಪಾತ್ರೆ, ಜೊತೆಗೆ ಲೋಹದ ಅಂಕಿ ಮೊದಲೇ ಗೊತ್ತಿರುವ ಡಾರ್ಮ್-4ರಂಥ ಮೀನಿನ ಪುಡಿ ಇರಲೇಬೇಕು.

ಲ್ಯಾಬ್‌ಗೆ ಕಳಿಸುವವರು ನಮೂನೆಯಲ್ಲಿ ಜಾತಿ, ಉದ್ದ, ತೂಕದ ಜೊತೆ ಜನ ಅದನ್ನು ಹೇಗೆ ತಿನ್ನುತ್ತಾರೆ ಎಂದೂ ಬರೆಯಿರಿ. ಸಣ್ಣ ಮೀನನ್ನು ಮುಳ್ಳುಸಮೇತ ಹುರಿದು ತಿನ್ನುವ ಮನೆಗಳಿವೆ, ತಲೆಯನ್ನು ಸಾರಿಗೆ ಹಾಕುವ ಮನೆಗಳಿವೆ. ಅಲ್ಲಿ ಬರೀ ಮಾಂಸದ ಸೀಸ ಅಳೆದರೆ ತಟ್ಟೆಗೆ ಬೀಳುವ ಸೀಸ ಕಾಣುವುದೇ ಇಲ್ಲ. ಸಣ್ಣ ಮೀನನ್ನು ಇಡೀ ರುಬ್ಬಿಸಿ, ತಲೆಯನ್ನು ಬೇರೆ ಸ್ಯಾಂಪಲ್ ಮಾಡಿಸಿ. ಕೊಬ್ಬಿನ ವಿಷವಾದರೆ ಚರ್ಮ, ಹೊಟ್ಟೆಪಟ್ಟಿ ತೆಗೆದು ತಿನ್ನಿ ಎನ್ನಬಹುದು. ಪಾದರಸ ತೊಳೆದರೂ ಹೋಗದು, ಹುರಿದರೂ ಹೋಗದು. ಅಲ್ಲಿ ದೊಡ್ಡ ಮುರ್ರೆಲ್‌ನಂಥ ಬೇಟೆ ಮೀನನ್ನು, ವಿಶೇಷವಾಗಿ ಬಸುರಿಯರು ಮತ್ತು ಮಕ್ಕಳು, ಕಡಿಮೆ ತಿನ್ನುವುದೊಂದೇ ದಾರಿ.