ಬಳ್ಳಾರಿ ಬಿಸಿಲಿಗೆ ಜಗ್ಗದವರು ಬೆಳಗೊಳದ ಕಲ್ಲಿಗೆ ಜಗ್ಗಿದರು

ಶ್ರವಣಬೆಳಗೊಳದ ವಿಂಧ್ಯಗಿರಿ ಬೆಟ್ಟ ಇಳಿಯುವಾಗ ನನ್ನ ತಂಗಿಯ ಆರು ವರ್ಷದ ಮಗ ನಡುದಾರಿಯಲ್ಲಿ ಕೂತುಬಿಟ್ಟ. ಕೂತದ್ದೂ ತಪ್ಪಾಯಿತು. ಚಡ್ಡಿಯ ಕೆಳಗಿನ ತೊಡೆ ಚುರ್ ಅಂದು, ಕಿಟಾರನೆ ಕಿರುಚಿ ಎದ್ದ. ನಿಂತರೆ ಅಂಗಾಲು, ಕೂತರೆ ತೊಡೆ. ಕೊನೆಗೆ ಅವರಪ್ಪ ಹೆಗಲ ಮೇಲೆ ಹೊತ್ತರು. ಹೊತ್ತವರ ಕಾಲಲ್ಲಿ ಇದ್ದದ್ದು ಬೆಟ್ಟದ ಬುಡದಲ್ಲಿ ಕೊಂಡ ತೆಳ್ಳನೆಯ ನೈಲಾನ್ ಕಾಲುಚೀಲ, ಹಿಮ್ಮಡಿ ಹತ್ತಿರ ಆಗಲೇ ಹರಿದಿತ್ತು. ಗಂಟೆ ಹನ್ನೆರಡು ದಾಟಿತ್ತು. ತಾರೀಕು ಏಪ್ರಿಲ್ 24.

ತಾರೀಕನ್ನು ಸುಮ್ಮನೆ ಹೇಳುತ್ತಿಲ್ಲ. ಶ್ರವಣಬೆಳಗೊಳ ಹೆಚ್ಚುಕಮ್ಮಿ ಬೆಂಗಳೂರಿನ ಅಕ್ಷಾಂಶದಲ್ಲೇ ಇದೆ. ಏಪ್ರಿಲ್ ಕೊನೆಯ ವಾರ ಸೂರ್ಯ ಇಲ್ಲಿ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ ಹನ್ನೆರಡೂ ಇಪ್ಪತ್ತರ ಸುಮಾರಿಗೆ ಕೋಲು ನೆಟ್ಟರೂ ನೆರಳು ಬೀಳುವುದಿಲ್ಲ. ಆಗಸ್ಟ್ ಮಧ್ಯದಲ್ಲಿ ಇನ್ನೊಂದು ಸಲ ಅಲ್ಲಿಗೇ ಬರುತ್ತಾನೆ, ಆದರೆ ಆಗ ಮೋಡ ಇರುತ್ತದಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಮಗಳು ಹದಿಮೂರರವಳು, ಇದನ್ನೆಲ್ಲ ಶಾಲೆಯಲ್ಲಿ ಓದಿದ್ದಾಳೆ. ಎಲ್ಲರೂ ಹಾ ಹೂ ಅಂತ ಕುಣಿಯುತ್ತಿದ್ದರೆ ಅವಳು ನಿಂತು, "ಅಮ್ಮಾ, ನನ್ನ ನೆರಳು ಕಾಲಡಿಗೆ ಹೋಗಿಬಿಟ್ಟಿದೆ ನೋಡು" ಅಂದಳು. ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಾನು ಹಾಸನದವಳೇ. ಬೆಳಗೊಳಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಯಾವಾಗಲೂ ಡಿಸೆಂಬರ್, ಜನವರಿ. ಈ ಸಲ ಬಳ್ಳಾರಿಯಿಂದ ತಂಗಿ, ಅವಳ ಗಂಡ, ಇಬ್ಬರು ಮಕ್ಕಳು ಬೇಸಿಗೆ ರಜೆಗೆ ಬಂದರು. ಜೊತೆಗೆ ನಾವು ಮೂವರು, ಅರವತ್ತೆಂಟರ ಅಮ್ಮ. ಮಕ್ಕಳಿಗೆ ಸುಲಭವಾದ ನಾಲ್ಕೈದು ಬೆಟ್ಟ ಹತ್ತಿಸೋಣ ಅಂತ ಹೊರಟೆವು. "ಬಿಸಿಲು ಜಾಸ್ತಿ ಇದೆ, ಮಳೆ ಬೀಳಲಿ ತಡೀರಿ" ಅಂದರೆ ತಂಗಿಯ ಗಂಡ ನಕ್ಕರು. "ಅಕ್ಕಾರ, ನಾವು ಬಳ್ಳಾರಿಯವ್ರು. ಈ ಬಿಸಿಲಿಗೆಲ್ಲಾ ಜಗ್ಗಂಗಿಲ್ಲ."

ಹಾಸನ ಜಿಲ್ಲೆ ಅಂದರೆ ತಂಪು ಅಂತ ಹೊರಗಿನವರು ತಿಳಿದಿರುತ್ತಾರೆ. ಅರ್ಧ ಜಿಲ್ಲೆಗೆ ಅದು ನಿಜ. ಸಕಲೇಶಪುರ ಮಲೆನಾಡು. ಅರಸೀಕೆರೆ, ಚನ್ನರಾಯಪಟ್ಟಣ ಅಪ್ಪಟ ಬಯಲುಸೀಮೆ, ತೆಂಗು ರಾಗಿಯ ನಾಡು. ಸಕಲೇಶಪುರದ ಮಳೆಯಲ್ಲಿ ಮೂರನೇ ಒಂದು ಪಾಲು ಅರಸೀಕೆರೆಗೆ ಬಿದ್ದರೆ ಅದೇ ದೊಡ್ಡದು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಹಾಗೇ, ಕಡೂರು ಒಂದು ಲೋಕ, ಮೂಡಿಗೆರೆ ಇನ್ನೊಂದು. ಬಯಲುಸೀಮೆಯ ಬೆಟ್ಟಗಳೋ, ಮರವೇ ಇಲ್ಲದ ಬೋಳು ಬಂಡೆ. ವಿಂಧ್ಯಗಿರಿಯಂತೂ ಇಡೀ ಒಂದೇ ಕಲ್ಲು. ಬುಡದಿಂದ 470 ಅಡಿ ಎತ್ತರ, 600ಕ್ಕೂ ಹೆಚ್ಚು ಮೆಟ್ಟಿಲು, ಎಲ್ಲವನ್ನೂ ಆ ಬಂಡೆಯಲ್ಲೇ ಕಡಿದದ್ದು. ಕ್ರಿ.ಶ. 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಗೊಮ್ಮಟನೂ ಅದೇ ಬೆಟ್ಟದ ಕಲ್ಲು. ಅಲ್ಲಿ ಚಪ್ಪಲಿ ಹಾಕುವಂತಿಲ್ಲ, ಬುಡದಲ್ಲೇ ಬಿಡಬೇಕು. ಇಷ್ಟು ಹೇಳಿದ ಮೇಲೆ ಮಧ್ಯಾಹ್ನ ಏನಾಗುತ್ತದೆ ಅಂತ ವಿವರಿಸಬೇಕಿಲ್ಲ.

ಹಾಗಾದರೆ ಅಷ್ಟು ಹೊತ್ತಿಗೆ ಯಾಕೆ ಹತ್ತಿದಿರಿ ಅಂತ ಕೇಳುತ್ತೀರಿ. ವಾಹನ. ಎಂಟು ಜನಕ್ಕೆ ಅಂತ ಟೆಂಪೋ ಟ್ರಾವೆಲರ್ ಗೊತ್ತು ಮಾಡಿದ್ದೆವು, ಬೆಳಿಗ್ಗೆ ಐದೂವರೆಗೆ ಮನೆ ಮುಂದೆ ಇರಬೇಕು ಅಂತ ಮಾತು. ಐದೂವರೆಗೆ ಫೋನ್ ಸ್ವಿಚ್ ಆಫ್. ಆರೂವರೆಗೆ "ಬಂದೆ ಅಕ್ಕಾ, ರಿಂಗ್ ರೋಡಲ್ಲಿದ್ದೀನಿ". ಏಳೂಕಾಲಿಗೂ ರಿಂಗ್ ರೋಡಲ್ಲೇ ಇದ್ದರು. ಬಂದದ್ದು ಎಂಟು ಹತ್ತಕ್ಕೆ. ಹತ್ತಿದ ಮೇಲೆ ಡೀಸೆಲ್ ಹಾಕಿಸಬೇಕು ಅಂದರು. ಆಮೇಲೆ ಹೆದ್ದಾರಿಯಲ್ಲಿ ತಮಗೆ ಬೇಕಾದ ಹೋಟೆಲ್ ಮುಂದೆ ನಿಲ್ಲಿಸಿ, "ಇಲ್ಲಿ ಚೆನ್ನಾಗಿರುತ್ತೆ" ಅಂತ ಇಳಿಸಿದರು. ಅಲ್ಲಿ ಡ್ರೈವರ್‌ಗಳ ಊಟಕ್ಕೆ ಬೇರೆ ಕೋಣೆ ಇತ್ತು. ನಮಗೆ ಸಿಕ್ಕಿದ್ದು ತಣ್ಣನೆಯ ದೋಸೆ. ಬೆಟ್ಟದ ಬುಡ ಮುಟ್ಟುವಾಗ ಹತ್ತೂಕಾಲು. ವಾಪಸ್ ಹೋಗೋಣ ಅಂದೆ. ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ ಅಂದರು ನಮ್ಮವರು. ಬೇಸಿಗೆಯಲ್ಲಿ ಎಲ್ಲರನ್ನೂ ಕೆಡಿಸುವ ಮಾತು ಇದು.

ಅಮ್ಮ ಮಾತ್ರ ಕೆಡಲಿಲ್ಲ. ಡೋಲಿಯವರು ಬಂದು ಕೇಳಿದರು. ಅಮ್ಮ ಬಂಡೆಯನ್ನೊಮ್ಮೆ ಅಂಗೈಯಿಂದ ಮುಟ್ಟಿ ನೋಡಿ, "ನನ್ನನ್ನ ಹೊತ್ಕೊಂಡು ನಾಲ್ಕು ಜನ ಇದರ ಮೇಲೆ ನಡೀಬೇಕಾ? ನಂಗ್ಯಾವ ಪುಣ್ಯ ಬರುತ್ತೆ" ಅಂದು ನೆರಳು ಹುಡುಕಿ ಕೂತುಬಿಟ್ಟರು. ಕಲ್ಲು ಮುಟ್ಟಿ ನೋಡುವ ಆ ಪರೀಕ್ಷೆ ನೀವೂ ಮಾಡಿ. ಅಂಗೈ ಹತ್ತು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ಮಕ್ಕಳ ಅಂಗಾಲನ್ನು ಅದರ ಮೇಲೆ ಇಡಿಸಬೇಡಿ.

ಹತ್ತುವಾಗ ಅಷ್ಟು ಗೊತ್ತಾಗಲಿಲ್ಲ. ಹುಮ್ಮಸ್ಸಿತ್ತು, ಗಾಳಿಯಿತ್ತು. ಮೇಲೆ ಒಳಾಂಗಣದಲ್ಲಿ ನೆರಳೂ ಸಿಕ್ಕಿತು, ಅಲ್ಲಿ ಅರ್ಧ ಗಂಟೆ ಕಳೆದೆವು. ಆ ಅರ್ಧ ಗಂಟೆಯಲ್ಲಿ ಹೊರಗಿನ ಬಂಡೆ ರೊಟ್ಟಿ ಹೆಂಚಾಗಿತ್ತು. ಇಳಿಯುವಾಗ ಇನ್ನೊಂದು ಕಷ್ಟ: ನೈಲಾನ್ ಚೀಲ ಕಾಲಿಗೆ ಬಿಸಿ ತಡೆಯುವುದೂ ಇಲ್ಲ, ಮೇಲಿಂದ ಜಾರುತ್ತದೆ. ಮನೆಯಿಂದಲೇ ದಪ್ಪನೆಯ ಹತ್ತಿ ಕಾಲುಚೀಲ ಒಬ್ಬೊಬ್ಬರಿಗೆ ಎರಡು ಜೊತೆ ಒಯ್ಯಿರಿ, ಒಂದರ ಮೇಲೊಂದು ಹಾಕಿ. ಸಂಜೆ ಹತ್ತಿದರಾಯಿತು ಅಂತ ಕೆಲವರು ಹೇಳುತ್ತಾರೆ. ಗಾಳಿ ತಂಪಾದರೂ ಕಲ್ಲು ದಿನವಿಡೀ ಕುಡಿದ ಬಿಸಿಯನ್ನು ಅಷ್ಟು ಬೇಗ ಬಿಡುವುದಿಲ್ಲ. ಬೆಳಗಿನ ಜಾವವೇ ಸರಿ. ಬಾಗಿಲು ತೆಗೆಯುವ ಹೊತ್ತನ್ನು ಹಿಂದಿನ ಸಂಜೆಯೇ ಕೇಳಿಕೊಂಡು, ಊರಲ್ಲೇ ಇರುವ ಯಾತ್ರಿ ನಿವಾಸದಲ್ಲಿ ಉಳಿದುಕೊಳ್ಳಿ. ಎಂಟೂವರೆಗೆ ಕೆಳಗಿರಬೇಕು. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಸರ್ಕಾರಿ ಬಸ್ಸುಗಳು ಒಂದರ ಹಿಂದೊಂದು ಇವೆ, ಅಲ್ಲಿಂದ ಬೆಳಗೊಳ ಹತ್ತಿರ. ಆ ಟೆಂಪೋಗೆ ಕೊಟ್ಟ ದುಡ್ಡಿನಲ್ಲಿ ಎಂಟು ಜನ ಎಷ್ಟು ಸಲ ಬಸ್ಸಿನಲ್ಲಿ ಓಡಾಡಬಹುದಿತ್ತು ಅಂತ ನಮ್ಮವರು ಲೆಕ್ಕ ಹಾಕಿದರು. ನಾನು ಕೇಳಿಸಿಕೊಳ್ಳಲಿಲ್ಲ.

ಕೆಳಗೆ ಬಂದಾಗ ಸಣ್ಣವನ ಮುಖ ಕೆಂಪಾಗಿ, ಮಾತು ನಿಂತಿತ್ತು. ಚೀಲದಲ್ಲಿದ್ದ ಬಾಟಲಿ ನೀರು ಬಿಸಿನೀರಾಗಿ, ಅವನು ಕುಡಿದೇ ಇರಲಿಲ್ಲ. ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಒದ್ದೆ ಟವೆಲ್ ಕತ್ತಿಗೆ ಸುತ್ತಿ, ಸಕ್ಕರೆ ಉಪ್ಪಿನ ನೀರು ಗುಟುಕು ಗುಟುಕಾಗಿ ಕುಡಿಸಿದೆವು. ಅಳತೆ ತಪ್ಪಿಸಬೇಡಿ: ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸ್ವಲ್ಪ ಹೊತ್ತಿಗೆ ಅಣ್ಣನ ಜೊತೆ ಜಗಳ ಶುರು ಮಾಡಿದ, ನಮಗೆ ಜೀವ ಬಂತು. ಮಗು ತೊದಲಿದರೆ, ಮಂಕಾದರೆ, ವಾಂತಿ ಮಾಡಿದರೆ ಈ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಹೋಗಿ. ತಂಗಿಯ ಗಂಡ ಪಾದಕ್ಕೆ ತಣ್ಣೀರು ಹುಯ್ದುಕೊಳ್ಳುತ್ತಾ ಹೇಳಿದ್ದು: "ನಮ್ಮೂರಾಗ ಹತ್ತು ಗಂಟಿ ಆದ ಮ್ಯಾಲ ನಾಯೀನೂ ಹೊರಗ ಬರಂಗಿಲ್ಲ. ಇಲ್ಲಿ ಬಂದು ನನ್ನ ಬುದ್ಧಿ ಎಲ್ಲಿ ಹೋತು, ಅಕ್ಕಾರ?"

ಆ ದಿನ ನಮ್ಮನ್ನು ಉಳಿಸಿದ್ದು ಚನ್ನರಾಯಪಟ್ಟಣದ ಒಂದು ಸಣ್ಣ ಮೆಸ್. ಡ್ರೈವರ್ ಬೇಡ ಬೇಡ ಅಂದರೂ ನಿಲ್ಲಿಸಿದೆವು. ಬಸ್ ನಿಲ್ದಾಣದಿಂದ ಕೂಗಳತೆ, ಬೋರ್ಡಿನ ಬಣ್ಣ ಅರ್ಧ ಹೋಗಿದೆ. ಹಂಚಿನ ಮಾಡು, ನಾಲ್ಕು ಬೆಂಚು, ಮೂಲೆಯಲ್ಲಿ ಒದ್ದೆ ಗೋಣಿ ಸುತ್ತಿದ ಮಣ್ಣಿನ ಮಡಕೆ. ಆ ಮಡಕೆಯ ನೀರು ಕುಡಿದಾಗ ನಮ್ಮವರ ಕಣ್ಣಲ್ಲಿ ನೀರು ಬಂದದ್ದು ನಾನು ನೋಡಿದ್ದೇನೆ, ಅವರು ಒಪ್ಪುವುದಿಲ್ಲ. ರಾಗಿ ಮುದ್ದೆ, ಹುರುಳಿಕಾಳಿನ ಉಪ್ಸಾರು, ಅದಕ್ಕೆ ಬೆಳ್ಳುಳ್ಳಿ ಹಸಿಮೆಣಸಿನ ಖಾರ, ಪಕ್ಕಕ್ಕೆ ಬೇಯಿಸಿದ ಸೊಪ್ಪು. ಮುದ್ದೆಗೆ ಬೆರಳಿನ ಗುರುತು ಬಿದ್ದರೆ ಹಾಗೇ ನಿಲ್ಲುತ್ತಿತ್ತು, ಅಂಟುತ್ತಿರಲಿಲ್ಲ, ಗಂಟಿರಲಿಲ್ಲ. ಜೋಳದ ರೊಟ್ಟಿ ತಿಂದು ಬೆಳೆದ ಬಳ್ಳಾರಿ ಮಕ್ಕಳು ಮೊದಲು ಮುದ್ದೆ ಅಗಿಯಲು ಹೋಗಿ ಬಾಯಿ ಅಂಟಿಸಿಕೊಂಡರು. ಬಡಿಸುವ ಹೆಂಗಸು, "ಅಗೀಬಾರ್ದು ಕಂದ, ಸಾರಲ್ಲಿ ಅದ್ದಿ ನುಂಗು" ಅಂತ ಒಂದು ತುತ್ತು ಮಾಡಿ ತೋರಿಸಿದರು. ಕೊನೆಗೆ ಚೊಂಬಿನಲ್ಲಿ ನೀರುಮಜ್ಜಿಗೆ, ಶುಂಠಿ ಜಜ್ಜಿ, ನಿಂಬೆ ಎಲೆ ಕಿವುಚಿ ಹಾಕಿದ್ದು. ನಾನು ಮೂರು ಲೋಟ ಕುಡಿದೆ. ಎಲ್ಲಿಂದ ಬಂದಿರಿ ಅಂತ ಕೇಳಿ, ಹೇಳಿದ ಮೇಲೆ ಆಕೆ, "ಎಂಟು ಗಂಟೆ ಮೇಲೆ ಯಾರಮ್ಮಾ ಬೆಟ್ಟ ಹತ್ತೋದು, ಮಕ್ಕಳನ್ನ ಕಟ್ಕೊಂಡು" ಅಂತ ಬೈದರು. ಒಂದು ಊಟಕ್ಕೆ 80 ರೂಪಾಯಿ, ಸಣ್ಣವನಿಗೆ ದುಡ್ಡು ಹಿಡಿಯಲಿಲ್ಲ. ಒಟ್ಟು 560.

ಬೇಲೂರು, ಹಳೇಬೀಡಿನ ದಿನದ ಬಗ್ಗೆ ಬರೆಯುವುದಿಲ್ಲ, ಅದನ್ನು ಬರೆದವರು ಬೇಕಾದಷ್ಟು ಜನ ಇದ್ದಾರೆ. ಅಲ್ಲೂ ಬರಿಗಾಲು ಅನ್ನುವುದಷ್ಟೇ ನೆನಪಿರಲಿ.

ಮಕ್ಕಳಿರುವ ಮನೆಯವರಿಗೆ ಬೇಸಿಗೆಯಲ್ಲಿ ನಾನು ಕಣ್ಣುಮುಚ್ಚಿ ಹೇಳುವುದು ಮಂಜರಾಬಾದ್ ಕೋಟೆ. ಸಕಲೇಶಪುರದಿಂದ ಮಂಗಳೂರು ರಸ್ತೆಯಲ್ಲಿ ಸ್ವಲ್ಪ ದೂರ, ದೋಣಿಗಾಲ್ ಹತ್ತಿರ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಇನ್ನೂರೈವತ್ತರ ಆಸುಪಾಸು ಮೆಟ್ಟಿಲು, ಚಪ್ಪಲಿ ಬೂಟು ಹಾಕಿಕೊಂಡೇ ಹತ್ತಬಹುದು, ಅಮ್ಮ ನಾಲ್ಕು ಕಡೆ ಕೂತು ಹತ್ತಿದರು. ಮೇಲೆ ಬಯಲೇ, ಆದರೆ ನಡುವೆ ಸಿಡಿಮದ್ದು ಇಡಲು ನೆಲದೊಳಗೆ ಕಟ್ಟಿದ ಕೋಣೆಗಳಿವೆ. ಹೊರಗೆ ಸುಡುತ್ತಿದ್ದರೂ ಒಳಗೆ ಮಡಕೆಯೊಳಗೆ ಹೊಕ್ಕಂತೆ ತಂಪು. ಮಕ್ಕಳು ಅಲ್ಲಿಂದ ಹೊರಗೆ ಬರಲೊಲ್ಲರು. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಿರಿ.

ನಾವು ತಪ್ಪಿದ್ದು ಹೊತ್ತಿನಲ್ಲೇ, ಈ ಸಲ ಬೇರೆ ಥರ. ಬೆಳಗೊಳದಲ್ಲಿ ಬುದ್ಧಿ ಕಲಿತು ಇಲ್ಲಿಗೆ ಸಂಜೆ ನಾಲ್ಕಕ್ಕೆ ಬಂದೆವು. ಏಪ್ರಿಲ್, ಮೇ ತಿಂಗಳಲ್ಲಿ ಮಲೆನಾಡಿನ ಮಳೆ ಬರುವುದೇ ಮಧ್ಯಾಹ್ನದ ಮೇಲೆ, ಗುಡುಗು ಸಿಡಿಲಿನ ಸಮೇತ. ಕಾಫಿ ಬೆಳೆಗಾರರು ಕಾಯುವುದು ಬೇಸಿಗೆಯ ಇಂಥ ಮೊದಲ ಮಳೆಗೇ, ಹೂಮಳೆ ಅನ್ನುತ್ತಾರೆ. ಅದು ಬಿದ್ದು ಹತ್ತು ದಿನದೊಳಗೆ ತೋಟವೆಲ್ಲ ಬೆಳ್ಳಗೆ. ಬೆಟ್ಟದ ನೆತ್ತಿಯಲ್ಲಿ ನಿಂತವರಿಗೆ ಅದು ಬೇರೆಯೇ ಮಾತು. ಪಶ್ಚಿಮದಲ್ಲಿ ಮೋಡ ಕಪ್ಪಾಗಿ ಮೊದಲ ಗುಡುಗು ಕೇಳಿದ್ದೇ ಇಳಿದುಬಿಟ್ಟೆವು. ಇನ್ನೊಂದು ಫೋಟೋ ಅನ್ನುತ್ತ ನಿಂತ ಒಂದು ಗುಂಪು ತೊಯ್ದು ತೊಪ್ಪೆಯಾಗಿ ಬಂತು. ಗುಡುಗು ಕೇಳಿಸಿತು ಅಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ ಅಂತಲೇ. ಒಂಟಿ ಮರದ ಕೆಳಗೆ ಓಡಬೇಡಿ.

ಹಾಗಿದ್ದರೆ ಮಲೆನಾಡಲ್ಲೂ ನಸುಕಿಗೇ ಹೊರಡೋಣ ಅಂತ ನಾನಂದೆ. ನಾವು ಉಳಿದಿದ್ದ ಕಡೆ ತೋಟದ ಆಳು ತಡೆದ. "ಏಳು ಗಂಟೆ ಆಗ್ಲಿ ಅಕ್ಕಾ, ರಾತ್ರಿ ಕೆಳಗಿನ ಗದ್ದೆಗೆ ಬಂದಿದ್ವು." ಆನೆ. ಸಕಲೇಶಪುರ, ಆಲೂರು, ಬೇಲೂರು ಕಡೆ ನಸುಕು ಮತ್ತು ಮುಸ್ಸಂಜೆ ಅವುಗಳ ಹೊತ್ತು. ಅಂದರೆ ಬಯಲುಸೀಮೆಯಲ್ಲಿ ಬೆಳಕು ಹರಿಯುವ ಮೊದಲೇ ಹೊರಡಬೇಕು, ಮಲೆನಾಡಿನ ತೋಟದ ದಾರಿಯಲ್ಲಿ ಹೊತ್ತು ಮೂಡಿ, ಊರವರನ್ನು ಕೇಳಿ ಹೊರಡಬೇಕು. ಇನ್ನೊಂದು: ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದುಂಟು, ಮೊದಲೇ ವಿಚಾರಿಸಿ. ಕೊಪ್ಪ, ಶೃಂಗೇರಿ ಕಡೆ ಹೋಗುವವರು ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬೇಡಿ. ಮಂಗನ ಕಾಯಿಲೆ ಹರಡುವ ಉಣುಗಿನ ಕಾಲ ಇದೇ.

ಚಿಕ್ಕಮಗಳೂರಲ್ಲಿ ನಾವು ಮೋಸ ಹೋದದ್ದು ಕೋಣೆಯಲ್ಲಿ. ಬೆಟ್ಟ ಕಾಣುವ ಕೋಣೆ, ರಾತ್ರಿಗೆ 5,500. "ಇಲ್ಲಿ ಎಸಿ ಬೇಕಾಗೋದೇ ಇಲ್ಲ ಮೇಡಂ" ಅಂದಿದ್ದರು ಫೋನಲ್ಲಿ. ಬೆಟ್ಟ ಕಂಡಿತು, ಸುಳ್ಳಲ್ಲ. ತಲೆ ಎತ್ತಿ ನೋಡಿದರೆ ತಗಡಿನ ಶೀಟು, ಕೆಳಗೆ ಚಂದಕ್ಕೆ ಬಿದಿರಿನ ತಟ್ಟಿ. ರಾತ್ರಿ ಒಂಬತ್ತಕ್ಕೂ ಮಾಡಿನಿಂದ ಝಳ ಇಳಿಯುತ್ತಿತ್ತು, ಟ್ಯಾಂಕಿನ ತಣ್ಣೀರಿನಲ್ಲಿ ಅಕ್ಕಿ ಬೇಯಿಸಬಹುದಿತ್ತು. ಕರೆಂಟ್ ಹೋಯಿತು, ಫ್ಯಾನೂ ಹೋಯಿತು. ಅಮ್ಮ ಚಾಪೆ ತಂದು ಜಗಲಿಯಲ್ಲಿ ಮಲಗಿದರು, ಅರ್ಧ ಗಂಟೆಯಲ್ಲಿ ಎಂಟೂ ಜನ ಜಗಲಿಯಲ್ಲಿದ್ದೆವು. ಬೇಸಿಗೆಯಲ್ಲಿ ಕೋಣೆ ಹಿಡಿಯುವ ಮೊದಲು ಒಂದೇ ಪ್ರಶ್ನೆ ಕೇಳಿ: ಮಾಡು ಹಂಚಿನದೋ, ಶೀಟಿನದೋ?

ಮುಳ್ಳಯ್ಯನಗಿರಿಗೆ ಹೊರಟದ್ದು ಭಾನುವಾರ. ಕೈಮರದ ಹತ್ತಿರ ವಾಹನಗಳ ಸಾಲು ನೋಡಿ ನಾನೇ ಗಾಡಿ ತಿರುಗಿಸಿ ಅಂದೆ. ಹಾರನ್ ಕೇಳುತ್ತ ಎರಡು ಗಂಟೆ ಕೂರುವುದಕ್ಕಿಂತ ಅರಸೀಕೆರೆ ಬಿಸಿಲಲ್ಲಿ ನಿಲ್ಲುವುದು ನನಗೆ ಲೇಸು. ಹೋಗುವವರು ವಾರದ ನಡುವೆ ಹೋಗಿ. 1,930 ಮೀಟರ್ ಎತ್ತರದಲ್ಲಿ ಗಾಳಿ ತಣ್ಣಗಿರುತ್ತದೆ, ಮಕ್ಕಳಿಗೆ ಬಾಯಾರಿಕೆಯೂ ತಿಳಿಯುವುದಿಲ್ಲ, ಬಿಸಿಲು ಸುಡುವುದೂ ತಿಳಿಯುವುದಿಲ್ಲ. ಮಾರನೆಯ ದಿನ ಮೂಗಿನ ತುದಿ ಸುಲಿದಾಗ ತಿಳಿಯುತ್ತದೆ. ಹುಲ್ಲುಗಾವಲು ಅದು, ಟೋಪಿ ಬಿಟ್ಟರೆ ಬೇರೆ ನೆರಳಿಲ್ಲ.

ಬಳ್ಳಾರಿಯವರು ಹೊರಡುವ ಹಿಂದಿನ ದಿನ ಅಮ್ಮ, "ನಾನು ಬೆಳಗೊಳದಲ್ಲಿ ಏನೂ ನೋಡಲಿಲ್ಲವಲ್ಲ" ಅಂದರು. ಬಸ್ಸಿನಲ್ಲಿ ಹೋಗಿ ರಾತ್ರಿ ಅಲ್ಲೇ ಉಳಿದೆವು. ಬೆಳಗಾಗುತ್ತಿದ್ದಂತೆ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ ಹತ್ತಿದೆವು. ದೊಡ್ಡಬೆಟ್ಟ ವಿಂಧ್ಯಗಿರಿಗೆ ಹೋಲಿಸಿದರೆ ಅರ್ಧಕ್ಕೂ ಕಮ್ಮಿ ಮೆಟ್ಟಿಲು, ಜನವೂ ಇಲ್ಲ. ದಣಿದರೆ ಯಾವುದಾದರೂ ಬಸದಿಯ ಕಲ್ಲಿನ ಚಾವಣಿ ಕೆಳಗೆ ಕೂರಬಹುದು. ಭದ್ರಬಾಹು ಗುಹೆ ಇರುವುದು ಇಲ್ಲೇ, ಚಂದ್ರಗುಪ್ತ ಮೌರ್ಯ ಕೊನೆಗಾಲ ಕಳೆದದ್ದು ಈ ಬೆಟ್ಟದಲ್ಲಿ ಅನ್ನುವುದು ಜೈನರ ನಂಬಿಕೆ. ಅಮ್ಮ ಮೊದಲ ಮೆಟ್ಟಿಲಲ್ಲೇ ಬಗ್ಗಿ ಅಂಗೈ ಇಟ್ಟು ನೋಡಿದರು. ರಾತ್ರಿಯ ತಂಪು ಇನ್ನೂ ಹಾಗೇ ಇತ್ತು. ಎರಡು ಜೊತೆ ಹತ್ತಿ ಕಾಲುಚೀಲ ಹಾಕಿ ಬಂದಿದ್ದ ತಂಗಿಯ ಗಂಡ ಅವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಎಂಟು ಗಂಟೆಗೆಲ್ಲ ಇಳಿದು, ಒಂಬತ್ತಕ್ಕೆ ಚನ್ನರಾಯಪಟ್ಟಣದ ಅದೇ ಮೆಸ್ಸಿನಲ್ಲಿದ್ದೆವು. ಇಡ್ಲಿ ಇತ್ತು. ಮುದ್ದೆ ಹನ್ನೆರಡಕ್ಕೆ ಅಂದರು ಆಕೆ. ಮಡಕೆಯ ಪಕ್ಕದ ಬೆಂಚು ಹಿಡಿದು ಕಾದೆವು.